ಫೋಟೊ ತೆಗೆಯಲು ಒಪ್ಪಿದ್ದಳು, ಹಂಚಲು ಒಪ್ಪಿರಲಿಲ್ಲ

2025ರ ಮೇ ತಿಂಗಳಲ್ಲಿ, ನಮ್ಮ ಮೆಟ್ರೊದಲ್ಲಿ ಓಡಾಡುವ ಹೆಣ್ಣುಮಕ್ಕಳ ವಿಡಿಯೊಗಳನ್ನು ಅವರಿಗೇ ಗೊತ್ತಿಲ್ಲದಂತೆ ತೆಗೆದು ಇನ್‌ಸ್ಟಾಗ್ರಾಂ ಖಾತೆಯೊಂದಕ್ಕೆ ಹಾಕುತ್ತಿದ್ದ ಸಂಗತಿ ಬೆಳಕಿಗೆ ಬಂತು. ಬನಶಂಕರಿ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿಕೊಂಡು ಒಬ್ಬನನ್ನು ಬಂಧಿಸಿದರು. ಜುಲೈನಲ್ಲಿ, ಚರ್ಚ್ ಸ್ಟ್ರೀಟ್‌ನಂಥ ಕಡೆ ನಡೆದುಹೋಗುವ ಯುವತಿಯರನ್ನು ಗುಟ್ಟಾಗಿ ಚಿತ್ರೀಕರಿಸುತ್ತಿದ್ದ ಇನ್ನೊಬ್ಬ ಸಿಕ್ಕಿಬಿದ್ದ. ವಿಡಿಯೊವೊಂದರಲ್ಲಿದ್ದ ಯುವತಿ ತಾನೇ ಮುಂದೆ ಬಂದು, ಅಪರಿಚಿತರು ತನ್ನ ಖಾತೆಯನ್ನು ಹುಡುಕಿಕೊಂಡು ಬಂದು ಅಶ್ಲೀಲ ಸಂದೇಶ ಕಳಿಸುತ್ತಿದ್ದಾರೆ ಎಂದು ಬಹಿರಂಗವಾಗಿ ಹೇಳಿಕೊಂಡ ಮೇಲೆಯೇ ಆ ವಿಷಯ ಊರಿಗೆಲ್ಲ ತಿಳಿದದ್ದು. ಇಂಥ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆಯೊಂದಿದೆ: ಎಲ್ಲರಿಗೂ ಕಾಣುವಂತೆ ಬೀದಿಯಲ್ಲಿ ನಡೆಯುವವರನ್ನು ಫೋನಿನಲ್ಲಿ ಹಿಡಿದರೆ ಅದರಲ್ಲಿ ತಪ್ಪೇನು?

ಬೀದಿಯಲ್ಲಿ ನೂರು ಜನ ನಮ್ಮನ್ನು ನೋಡುತ್ತಾರೆ, ನಾವೂ ಅವರನ್ನು ನೋಡುತ್ತೇವೆ, ಮರುಕ್ಷಣ ಎಲ್ಲರೂ ತಮ್ಮ ದಾರಿ ಹಿಡಿಯುತ್ತಾರೆ. ಅದೇ ನಡಿಗೆಯನ್ನು ಬೆನ್ನ ಹಿಂದಿನಿಂದ ಹಿಡಿದು, ದೇಹದ ಯಾವುದೋ ಭಾಗಕ್ಕೆ ಕ್ಯಾಮೆರಾ ನೆಟ್ಟು, ಸಾವಿರಾರು ಅಪರಿಚಿತರು ಮತ್ತೆ ಮತ್ತೆ ನೋಡಿ ಕಮೆಂಟು ಹಾಕಲು ಬಿಟ್ಟರೆ ಆ ಹೆಣ್ಣುಮಗಳಿಗೆ ತನ್ನ ಮೇಲಿದ್ದ ಹಿಡಿತವೇ ತಪ್ಪಿಹೋಗುತ್ತದೆ. ಮಾರನೆಯ ದಿನ ಅದೇ ಮೆಟ್ರೊ ಹತ್ತುವಾಗ ಅವಳು ಎದುರಿಗೆ ಕೂತವನ ಕೈಯಲ್ಲಿರುವ ಫೋನು ಯಾವ ದಿಕ್ಕಿಗಿದೆ ಎಂದು ನೋಡುತ್ತಾಳೆ. ಈ ಬಗೆಯ ಕೃತ್ಯಗಳನ್ನೆಲ್ಲ ಒಟ್ಟಾಗಿ ತಂತ್ರಜ್ಞಾನದ ಮೂಲಕ ನಡೆಯುವ ಲಿಂಗಾಧಾರಿತ ಹಿಂಸೆ ಎಂದು ಕರೆಯಲಾಗುತ್ತದೆ. ಹೆಸರು ಉದ್ದವಾಗಿದೆ, ಒಳಗಿರುವುದು ಮಾತ್ರ ನಮಗೆಲ್ಲ ಪರಿಚಿತವಾದದ್ದೇ: ಫೇಕ್ ಅಕೌಂಟ್ ತೆರೆದು ಹೆಸರು ಕೆಡಿಸುವುದು, ಫೋಟೊ ಮಾರ್ಫ್ ಮಾಡುವುದು, ಖಾಸಗಿ ಚಿತ್ರ ತೋರಿಸಿ ಬ್ಲ್ಯಾಕ್‌ಮೇಲ್ ಮಾಡುವುದು, ಫೋನ್ ನಂಬರನ್ನು ಕಂಡವರಿಗೆಲ್ಲ ಹಂಚಿಬಿಡುವುದು, ಲೊಕೇಶನ್ ಹಿಡಿದು ಬೆನ್ನುಹತ್ತುವುದು, ಬ್ಲಾಕ್ ಮಾಡಿದವಳಿಗೆ ಯುಪಿಐ ಮೂಲಕ ಒಂದು ರೂಪಾಯಿ ಕಳಿಸಿ ಅದರ ಜೊತೆಗಿನ ಟಿಪ್ಪಣಿಯಲ್ಲಿ ಬೈಗುಳ ಬರೆಯುವುದು.

ಗಂಡಸರಿಗೂ ಆನ್‌ಲೈನ್‌ನಲ್ಲಿ ಬೆದರಿಕೆ ಬರುತ್ತದೆ, ಮೋಸವಾಗುತ್ತದೆ. ಲಿಂಗಾಧಾರಿತ ಎಂಬ ಪದವನ್ನು ಇಲ್ಲಿ ಬಳಸುವುದಕ್ಕೆ ಕಾರಣ, ಇಂಥ ದಾಳಿ ಹೆಣ್ಣು ಎಂಬ ಕಾರಣಕ್ಕೇ ನಡೆಯುತ್ತದೆ ಮತ್ತು ಸಮಾಜ ಹೆಣ್ಣಿನ ಮೇಲೆ ಹೊರಿಸಿರುವ ಮಾನದ ಭಾರವನ್ನೇ ಆಯುಧ ಮಾಡಿಕೊಳ್ಳುತ್ತದೆ ಎಂಬುದು. ಲಿಂಗತ್ವ ಅಲ್ಪಸಂಖ್ಯಾತರ ಮೇಲೂ ಇದೇ ಆಯುಧ ಪ್ರಯೋಗವಾಗುತ್ತದೆ. ಹತ್ತು ಜನಕ್ಕೆ ಗೊತ್ತಾದರೆ ಮನೆಯ ಮರ್ಯಾದೆ ಏನಾಗಬೇಕು ಎಂಬ ಹೆದರಿಕೆ ಇರುವವರೆಗೆ, ಬೆದರಿಸುವವನ ಕೈಯಲ್ಲಿ ಚಿತ್ರವೇ ಇಲ್ಲದಿದ್ದರೂ 'ನನ್ನ ಹತ್ತಿರ ಇದೆ' ಎಂಬ ಒಂದು ಮಾತು ಸಾಕಾಗುತ್ತದೆ.

ಬೆಂಗಳೂರಿನ ಮಟ್ಟಿಗೆ ಈ ಹೆದರಿಕೆಗೆ ಇನ್ನೊಂದು ಮುಖವಿದೆ. ರಾಯಚೂರು, ಚಿತ್ರದುರ್ಗ, ಕಲಬುರಗಿ ಕಡೆಗಳಿಂದ ಕೆಲಸಕ್ಕೆ ಬಂದು ಮಾರತ್ತಹಳ್ಳಿಯಲ್ಲೋ ಬಿಟಿಎಂ ಲೇಔಟ್‌ನಲ್ಲೋ ಪೀಜಿ ಹಿಡಿದಿರುವ ಹುಡುಗಿಯರು ಇಂಥ ವಿಷಯವನ್ನು ಮನೆಯಲ್ಲಿ ಹೇಳದಿರುವುದು ಬರೀ ನಾಚಿಕೆಯಿಂದಲ್ಲ. ಹೇಳಿದರೆ 'ಆ ಊರೇ ಬೇಡ, ವಾಪಸ್ ಬಾ' ಎನ್ನುತ್ತಾರೆ ಎಂಬುದು ಅವರಿಗೆ ಗೊತ್ತು. ತಪ್ಪು ಮಾಡಿದವನು ತನ್ನ ಪಾಡಿಗೆ ಇರುತ್ತಾನೆ, ಇವಳ ಕೆಲಸ, ಸಂಬಳ, ಸ್ನೇಹಿತರು ಎಲ್ಲವೂ ಹೋಗುತ್ತವೆ. ಫೋನು ಕಿತ್ತಿಟ್ಟುಕೊಳ್ಳುವುದು, ಖಾತೆ ಮುಚ್ಚಿಸುವುದು, ಚಾಟ್ ಎಲ್ಲವನ್ನೂ ಡಿಲೀಟ್ ಮಾಡಿಸುವುದು: ಮನೆಯವರು ಪ್ರೀತಿಯಿಂದಲೇ ಕೊಡುವ ಈ ಸಲಹೆಗಳು ಬೆದರಿಸುವವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಪೂರ್ತಿ ಮಾಡಿಕೊಡುತ್ತವೆ. ಅವಳನ್ನು ಒಂಟಿ ಮಾಡಬೇಕು ಎಂಬುದೇ ಅವನ ಉದ್ದೇಶವಾಗಿತ್ತು. ಅದರ ಜೊತೆಗೆ ಸಾಕ್ಷ್ಯವೂ ಅಳಿಸಿಹೋಗುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ 2023ರ ಅಂಕಿ ಅಂಶಗಳ ಪ್ರಕಾರ ದೇಶದಲ್ಲಿ ಆ ವರ್ಷ 86,420 ಸೈಬರ್ ಅಪರಾಧ ಪ್ರಕರಣಗಳು ದಾಖಲಾಗಿದ್ದವು. ಕರ್ನಾಟಕದ ಪಾಲು 21,889, ಅದರಲ್ಲಿ ಬೆಂಗಳೂರು ನಗರವೊಂದರದ್ದೇ 17,631. ದೇಶಮಟ್ಟದಲ್ಲಿ ಇವುಗಳಲ್ಲಿ ಸುಮಾರು ಶೇ 69ರಷ್ಟು ಹಣಕಾಸಿನ ವಂಚನೆಗೆ ಸೇರಿದವು. ಲೈಂಗಿಕ ಶೋಷಣೆಯ ಉದ್ದೇಶದ್ದೆಂದು ಗುರುತಿಸಿದ್ದು ಶೇ 5ಕ್ಕಿಂತ ಕಡಿಮೆ. ಈ ಸಂಖ್ಯೆಯನ್ನು ನೋಡಿ ಸಮಾಧಾನಪಡುವಂತಿಲ್ಲ. ಬ್ಯಾಂಕ್ ಖಾತೆಯಿಂದ ಹಣ ಹೋದವರು ನಾಚಿಕೊಂಡರೂ ಠಾಣೆಗೆ ಬರುತ್ತಾರೆ, ಏಕೆಂದರೆ ಹಣ ವಾಪಸ್ ಬರುವ ಆಸೆ ಇರುತ್ತದೆ. ಚಿತ್ರ ಹೋದವರಲ್ಲಿ ಎಷ್ಟೋ ಮಂದಿ ಬರುವುದಿಲ್ಲ.

ಇನ್ನು, ಈ ಹಿಂಸೆ ಮಾಡುವವರು ಎಲ್ಲೋ ದೂರದ ಹ್ಯಾಕರ್‌ಗಳು ಎಂಬ ಕಲ್ಪನೆಯನ್ನು ಬಿಡಬೇಕು. ಬಹಳ ಸಲ ಅವನು ಗಂಡ, ಹಳೆಯ ಗೆಳೆಯ, ಸಹೋದ್ಯೋಗಿ ಅಥವಾ ಫೋನಿನ ಪಿನ್ ಗೊತ್ತಿರುವ ಯಾರೋ ಹತ್ತಿರದವನು. ನನ್ನ ಪರಿಚಯದ ಯುವತಿಯೊಬ್ಬಳು ಒಂದು ಸಂಜೆ, ತಾನು ಯಾರ ಜೊತೆ ಎಲ್ಲಿಗೆ ಹೋಗುತ್ತೇನೆಂಬುದು ಬಿಟ್ಟುಹೋದ ಗೆಳೆಯನಿಗೆ ಹೇಗೋ ಗೊತ್ತಾಗುತ್ತಿದೆ ಎಂದು ಹೇಳಿದಳು. ನಾವಿಬ್ಬರೂ ದರ್ಶಿನಿಯೊಂದರ ಸ್ಟೀಲ್ ಮೇಜಿನ ಪಕ್ಕ ನಿಂತು ಕಾಫಿ ಕುಡಿಯುತ್ತಿದ್ದೆವು. ಅವಳ ವಾಟ್ಸ್‌ಆ್ಯಪ್ ತೆರೆದು, ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ, 'ಲಿಂಕ್ ಮಾಡಿದ ಸಾಧನಗಳು' ಎಂಬಲ್ಲಿಗೆ ಹೋದೆವು. ಅಲ್ಲಿ ಅವಳದ್ದಲ್ಲದ ಒಂದು ಕಂಪ್ಯೂಟರ್ ಇತ್ತು, ಅಂದು ಬೆಳಿಗ್ಗೆ 7:40ಕ್ಕೆ ಅದು ಸಕ್ರಿಯವಾಗಿದ್ದುದಾಗಿ ತೋರಿಸುತ್ತಿತ್ತು. ಜೊತೆಯಲ್ಲಿದ್ದ ದಿನಗಳಲ್ಲಿ ಯಾವಾಗಲೋ, ಚಾರ್ಜಿಗೆ ಹಾಕಿದ್ದ ಅವಳ ಫೋನನ್ನು ತೆರೆದು ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಕೊಂಡಿದ್ದ, ಅಷ್ಟೇ. ಅದಕ್ಕೆ ಅರ್ಧ ನಿಮಿಷ ಸಾಕು. ಅಂದಿನಿಂದ ಅವಳು ಅಕ್ಕನಿಗೆ, ಗೆಳತಿಗೆ ಬರೆದ ಪ್ರತಿ ಸಂದೇಶವನ್ನೂ ಅವನು ಓದುತ್ತಿದ್ದ. ಅವಳ ಬೆರಳು ಕೂಡಲೇ 'ಲಾಗ್ ಔಟ್' ಕಡೆಗೆ ಹೋಯಿತು. ಮೊದಲು ಸ್ಕ್ರೀನ್‌ಶಾಟ್ ತೆಗಿ ಎಂದೆ.

ಇದನ್ನೇ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹಿಂಬಾಲಿಕೆಯ ಅಪರಾಧ ಎನ್ನುತ್ತದೆ. ಹೆಣ್ಣುಮಗಳೊಬ್ಬಳ ಇಂಟರ್‌ನೆಟ್, ಇಮೇಲ್ ಅಥವಾ ಬೇರಾವುದೇ ಎಲೆಕ್ಟ್ರಾನಿಕ್ ಸಂವಹನದ ಬಳಕೆಯ ಮೇಲೆ ಕಣ್ಣಿಡುವುದು ಆ ಕಲಮಿನಲ್ಲಿ ಸ್ಪಷ್ಟವಾಗಿ ಸೇರಿದೆ, ಮೊದಲ ಸಲದ ಶಿಕ್ಷೆ ಗರಿಷ್ಠ 3 ವರ್ಷ. 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ 2013ರಲ್ಲಿ ದಂಡ ಸಂಹಿತೆಗೆ ಸೇರಿದ ಈ ಅಪರಾಧ, 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಮುಂದುವರಿದಿದೆ. ವಾಟ್ಸ್‌ಆ್ಯಪ್ ಜೊತೆಗೆ ಗೂಗಲ್ ಖಾತೆಯ 'ಭದ್ರತೆ' ವಿಭಾಗದಲ್ಲಿ ಯಾವ ಯಾವ ಸಾಧನಗಳು ಸೈನ್ ಇನ್ ಆಗಿವೆ, ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ನಂಬರ್ ಯಾರದ್ದು ಎಂದು ನೋಡಬೇಕು. ಹೊಸ ಫೋನ್ ತಂದಾಗ ಅಣ್ಣನೋ ಗೆಳೆಯನೋ ಖಾತೆ ಮಾಡಿಕೊಟ್ಟಿದ್ದರೆ ಅಲ್ಲಿ ಅವನ ನಂಬರೇ ಇರುವುದು ಸಾಮಾನ್ಯ, ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಆ ನಂಬರಿನಿಂದ ಅವನು ಒಳಗೆ ಬರಬಲ್ಲ. ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಹಂಚಿಕೆಯನ್ನೂ ನೋಡಬೇಕು. ಜೊತೆಯಲ್ಲೇ ಬಾಳುತ್ತಿರುವ ಹಿಂಸಾಚಾರಿಯ ವಿಷಯದಲ್ಲಿ ಮಾತ್ರ ಆತುರ ಬೇಡ. ಕಣ್ಗಾವಲು ತಟ್ಟನೆ ನಿಂತರೆ ಅದು ಅವನಿಗೆ ತಿಳಿಯುತ್ತದೆ, ಸಿಟ್ಟು ಮೈಮೇಲೆ ಬರಬಹುದು. ಅಂಥವರು ನಂಬಿಕೆಯ ಗೆಳತಿಯ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮೊದಲು ಮಾತನಾಡಿ, ಸುರಕ್ಷಿತವಾಗಿ ಇರಲು ಒಂದು ಜಾಗ ಗೊತ್ತುಮಾಡಿಕೊಂಡ ಮೇಲೆ ಖಾತೆಗಳನ್ನು ಸರಿಪಡಿಸುವುದು ಒಳ್ಳೆಯದು.

ಅತಿ ಹೆಚ್ಚು ಗೊಂದಲವಿರುವುದು ಖಾಸಗಿ ಚಿತ್ರಗಳ ವಿಷಯದಲ್ಲಿ. 'ನೀನೇ ಕಳಿಸಿದ್ದಲ್ಲವಾ' ಎಂಬ ಪ್ರಶ್ನೆ ಮನೆಯಲ್ಲಿ, ಕಾಲೇಜಿನಲ್ಲಿ, ಕೆಲವೊಮ್ಮೆ ಠಾಣೆಯಲ್ಲೂ ಎದುರಾಗುತ್ತದೆ. ಈ ಪ್ರಶ್ನೆಗೆ ಕಾನೂನು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ನ್ಯಾಯ ಸಂಹಿತೆಯ 77ನೇ ಕಲಮಿಗೆ ಒಂದು ವಿವರಣೆಯಿದೆ: ಚಿತ್ರ ತೆಗೆಯಲು ಹೆಣ್ಣುಮಗಳು ಒಪ್ಪಿದ್ದರೂ, ಅದನ್ನು ಮೂರನೆಯವರಿಗೆ ತಲುಪಿಸಲು ಒಪ್ಪಿರದಿದ್ದರೆ, ತಲುಪಿಸಿದ್ದು ಅಪರಾಧ. ಮೊದಲ ಸಲಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 3 ವರ್ಷ ಸೆರೆವಾಸ. ಒಬ್ಬರ ಮೇಲಿನ ನಂಬಿಕೆಯಿಂದ ಕೊಟ್ಟದ್ದು ಊರಿಗೆಲ್ಲ ಕೊಟ್ಟಂತಾಗುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಕಳಿಸುವುದು, ಪ್ರಕಟಿಸುವುದು ಮೂರನ್ನೂ ಸೇರಿಸಿಕೊಂಡಿದೆ. ಲೈಂಗಿಕ ಕ್ರಿಯೆಯ ದೃಶ್ಯಗಳಿದ್ದರೆ 67ಎ ಕಲಮಿನಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಸೆರೆ ಮತ್ತು 10 ಲಕ್ಷ ರೂಪಾಯಿವರೆಗೆ ದಂಡವಿದೆ. ಈ ಕಾಯ್ದೆಯ ಕಲಮುಗಳು ದೂರುದಾರರು ಹೆಣ್ಣೇ ಆಗಿರಬೇಕೆಂದು ಕೇಳುವುದಿಲ್ಲ. ಹಾಗಾಗಿ ಗಂಡುಮಕ್ಕಳಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಇವು ನೆರವಾಗುತ್ತವೆ.

ಇದೆಲ್ಲದರ ಬುಡದಲ್ಲಿ ಖಾಸಗಿತನದ ಹಕ್ಕಿದೆ. ಅದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ್ದು ಬೆಂಗಳೂರಿನವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಅರ್ಜಿ ಹುಟ್ಟಿದ್ದು ಆಧಾರ್ ವಿಚಾರದಿಂದ. ಆದರೆ ತನ್ನ ದೇಹದ ಚಿತ್ರದ ಮೇಲೆ ತನಗೇ ಅಧಿಕಾರ ಎಂದು ಒಬ್ಬ ಹುಡುಗಿ ಇಂದು ಹೇಳಿದರೆ ಅವಳ ಬೆನ್ನಿಗೆ ಆ ತೀರ್ಪು ನಿಲ್ಲುತ್ತದೆ.

ಚಿತ್ರ ತೆಗೆಯದೆಯೇ ಚಿತ್ರ ಹುಟ್ಟಿಸುವ ಕಾಲವೂ ಬಂದಾಗಿದೆ. 2023ರ ನವೆಂಬರಿನಲ್ಲಿ, ಕೊಡಗಿನವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿದ ಡೀಪ್‌ಫೇಕ್ ದೇಶವೆಲ್ಲ ಹರಿದಾಡಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರಪ್ರದೇಶದ ಯುವಕನೊಬ್ಬನನ್ನು ಬಂಧಿಸಿದರು. ಆ ವಿಡಿಯೊದಲ್ಲಿ ಅನ್ಯಾಯವಾದದ್ದು ಇಬ್ಬರಿಗೆ, ಮುಖ ಕಳೆದುಕೊಂಡವರಿಗೆ ಮತ್ತು ದೇಹ ಕಳೆದುಕೊಂಡವರಿಗೆ. ಎರಡನೆಯವರ ಬಗ್ಗೆ ಮಾತನಾಡಿದವರು ಕಡಿಮೆ. ಡೀಪ್‌ಟ್ರೇಸ್ ಸಂಸ್ಥೆ 2019ರಲ್ಲೇ ಎಣಿಸಿ ನೋಡಿದಾಗ ಅಂತರ್ಜಾಲದಲ್ಲಿದ್ದ ಡೀಪ್‌ಫೇಕ್ ವಿಡಿಯೊಗಳಲ್ಲಿ ಶೇ 96ರಷ್ಟು ಒಪ್ಪಿಗೆಯಿಲ್ಲದ ಅಶ್ಲೀಲ ವಿಡಿಯೊಗಳಾಗಿದ್ದವು. ಆಗ ಅದಕ್ಕೆ ನೂರಾರು ಚಿತ್ರಗಳೂ ಒಳ್ಳೆಯ ಕಂಪ್ಯೂಟರೂ ಬೇಕಾಗಿದ್ದವು, ಈಗ ಒಂದು ಪ್ರೊಫೈಲ್ ಫೋಟೊ ಸಾಕು. ಆದ್ದರಿಂದ 'ಫೋಟೊ ಹಾಕಬೇಡ' ಎಂಬ ಸಲಹೆಗೆ ಅರ್ಥ ಉಳಿದಿಲ್ಲ. ಆಫೀಸಿನ ಗುಂಪು ಚಿತ್ರ, ಮದುವೆ ಆಲ್ಬಮ್, ಕಾಲೇಜಿನ ಐಡಿ ಕಾರ್ಡ್ ಯಾವುದರಿಂದಲಾದರೂ ಮುಖ ಎತ್ತಿಕೊಳ್ಳಬಹುದು. ಚಿತ್ರ ನಕಲಿ ಎಂಬ ಕಾರಣಕ್ಕೆ ಅಪರಾಧ ಸಣ್ಣದಾಗುವುದಿಲ್ಲ. ದೂರು ಕೊಡುವಾಗ ಅದು ನಕಲಿ ಎಂದು ಮೊದಲು ಸಾಬೀತು ಮಾಡಿಕೊಂಡು ಬರಬೇಕಾದ ಹೊಣೆಯೂ ದೂರುದಾರಳದ್ದಲ್ಲ.

ಹಂಚುವವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಹಾಸನದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳಿದ್ದ ಪೆನ್ ಡ್ರೈವ್‌ಗಳು ಕೈಯಿಂದ ಕೈಗೆ ಹರಿದವು. ಆ ಹೆಣ್ಣುಮಕ್ಕಳ ಮುಖವನ್ನು ಯಾರೂ ಮಸುಕು ಮಾಡಿರಲಿಲ್ಲ. ಒಮ್ಮೆ ದೌರ್ಜನ್ಯಕ್ಕೊಳಗಾದವರು ಎರಡನೇ ಸಲ ಊರಿನ ಫೋನುಗಳಲ್ಲಿ ಅದನ್ನೇ ಅನುಭವಿಸಬೇಕಾಯಿತು. ಆ ವಿಡಿಯೊಗಳನ್ನು ಹಂಚಿದವರ ಮೇಲೂ ಕ್ರಮ ಕೈಗೊಳ್ಳುವುದಾಗಿ ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಫಾರ್ವರ್ಡ್ ಮಾಡಿದವರಲ್ಲಿ ಬಹುಪಾಲು ಮಂದಿ ತಮ್ಮನ್ನು ಅಪರಾಧಿಗಳೆಂದು ಎಣಿಸಿರಲಾರರು. 'ನೋಡಿ ಎಂಥ ಅನ್ಯಾಯ' ಎಂದು ಬರೆದು ಕಳಿಸಿದವರೂ ಇರಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಕಲಮುಗಳು ಪ್ರಕಟಿಸುವವನನ್ನೂ ಕಳಿಸುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತವೆ, ಕಳಿಸುವಾಗ ಮನಸ್ಸಿನಲ್ಲಿ ಕನಿಕರವಿತ್ತೇ ಎಂದು ಕೇಳುವುದಿಲ್ಲ. ಅಂಥದ್ದು ನಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸದೆ, ಗುಂಪಿನ ಅಡ್ಮಿನ್‌ಗೆ ತೆಗೆಯಲು ಹೇಳಿ, ಆ ಹೆಣ್ಣುಮಗಳು ಗೊತ್ತಿರುವವಳಾದರೆ ಅವಳಿಗೆ ವಿಷಯ ಮುಟ್ಟಿಸುವುದಷ್ಟೇ ನಾವು ಮಾಡಬಹುದಾದ ಕೆಲಸ. ಅವಳಿಗೂ ಆ ವಿಡಿಯೊವನ್ನು ಕಳಿಸಬಾರದು.

ಬೆದರಿಕೆ ಬಂದ ಮೊದಲ ಕೆಲವು ಗಂಟೆಗಳು ಬಹಳ ಮುಖ್ಯ. ಕೈ ನಡುಗುತ್ತಿರುವಾಗ ಎಲ್ಲವನ್ನೂ ಅಳಿಸಿ ಬ್ಲಾಕ್ ಮಾಡಿಬಿಡೋಣ ಎನಿಸುತ್ತದೆ. ಅದಕ್ಕೆ ಮುಂಚೆ, ಬಂದ ಸಂದೇಶಗಳು, ಕಳಿಸಿದವನ ನಂಬರ್, ಖಾತೆಯ ಪೂರ್ತಿ ವಿಳಾಸ, ದಿನಾಂಕ ಮತ್ತು ಸಮಯ ಎಲ್ಲವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಬೇಕು. ಖಾತೆಯ ಹೆಸರನ್ನು ಅವನು ನಾಳೆ ಬದಲಿಸಿಬಿಡಬಹುದು, ಆದ್ದರಿಂದ ಪ್ರೊಫೈಲಿನ ಮತ್ತು ಪೋಸ್ಟಿನ ಲಿಂಕನ್ನು ಕಾಪಿ ಮಾಡಿ ಬೇರೆ ಕಡೆ ಬರೆದಿಡಬೇಕು. ಮೂಲ ಸಂದೇಶಗಳು ಆ ಫೋನಿನಲ್ಲೇ ಉಳಿಯಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗಳ ಜೊತೆ ಒಂದು ಪ್ರಮಾಣಪತ್ರ ಕೇಳುತ್ತದೆ, ಅದು ಯಾವ ಸಾಧನದಿಂದ ಬಂತು ಎಂದು ಅದರಲ್ಲಿ ಹೇಳಬೇಕಾಗುತ್ತದೆ. ಫೋನು ಬದಲಿಸಿದವರಿಗೆ ಇಲ್ಲಿ ತೊಂದರೆಯಾಗುತ್ತದೆ. ಹಣ ಕೇಳಿದರೆ ಕೊಡಬಾರದು. ಒಮ್ಮೆ ಕೊಟ್ಟವರ ಬಳಿ ಇನ್ನೂ ಹಣವಿದೆ, ಹೆದರಿಕೆಯೂ ಇದೆ ಎಂದು ಅವನಿಗೆ ಖಚಿತವಾಗುತ್ತದೆ, ಎರಡನೇ ಬೇಡಿಕೆ ಅದಕ್ಕಿಂತ ದೊಡ್ಡದಾಗಿಯೇ ಬರುತ್ತದೆ. ಮತ್ತು ಒಬ್ಬರಿಗಾದರೂ ಹೇಳಬೇಕು. ಮನೆಯವರಿಗೇ ಆಗಬೇಕೆಂದಿಲ್ಲ, ರೂಮ್‌ಮೇಟ್ ಆದೀತು.

ಚಿತ್ರವನ್ನು ಕೆಳಗಿಳಿಸುವುದು ಪೊಲೀಸ್ ತನಿಖೆಗಿಂತ ಬೇರೆಯದೇ ಕೆಲಸ, ಎರಡನ್ನೂ ಜೊತೆಜೊತೆಗೆ ಮಾಡಬಹುದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದಾಗಲೇ, ಖಾಸಗಿ ಅಂಗಗಳನ್ನು, ನಗ್ನತೆಯನ್ನು ಅಥವಾ ಲೈಂಗಿಕ ಕ್ರಿಯೆಯನ್ನು ತೋರಿಸುವ ಚಿತ್ರಗಳ ಬಗ್ಗೆ ಸಂಬಂಧಪಟ್ಟವರೇ ದೂರಿದರೆ 24 ಗಂಟೆಯೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕೆಂದು ಜಾಲತಾಣಗಳಿಗೆ ವಿಧಿಸಿದ್ದವು. ಮಾರ್ಫ್ ಮಾಡಿದ ಚಿತ್ರಗಳೂ ನಕಲಿ ಗುರುತಿನ ಖಾತೆಗಳೂ ಇದರಲ್ಲಿ ಸೇರಿವೆ. ಪೋಸ್ಟಿನ ಮೇಲಿನ 'ರಿಪೋರ್ಟ್' ಗುಂಡಿ ಒತ್ತಿ ಕಾಯುವುದಕ್ಕಿಂತ, ಪ್ರತಿ ದೊಡ್ಡ ಜಾಲತಾಣವೂ ಭಾರತದಲ್ಲಿ ನೇಮಿಸಬೇಕಾದ ಕುಂದುಕೊರತೆ ಅಧಿಕಾರಿಗೆ ಈ ನಿಯಮವನ್ನು ಉಲ್ಲೇಖಿಸಿ ಬರೆಯುವುದು ಹೆಚ್ಚು ಫಲ ಕೊಡುತ್ತದೆ. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಚಿತ್ರ ಇನ್ನೂ ಹೊರಗೆ ಬಂದಿಲ್ಲ, ಬರಬಹುದೆಂಬ ಭಯವಿದೆ ಎನ್ನುವವರಿಗೆ 2021ರ ಡಿಸೆಂಬರಿನಲ್ಲಿ ಆರಂಭವಾದ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆಯಿದೆ. ಅದು ಕೆಲಸ ಮಾಡುವ ರೀತಿ ತಿಳಿದರೆ ಅಳುಕು ಕಡಿಮೆಯಾಗುತ್ತದೆ. ಬೆರಳಚ್ಚನ್ನು ನೋಡಿ ಆ ವ್ಯಕ್ತಿಯ ಮುಖ ಬಿಡಿಸಲು ಆಗುವುದಿಲ್ಲ, ಆದರೆ ಅದೇ ಬೆರಳು ಮತ್ತೆ ಬಂದರೆ ಗುರುತು ಹಿಡಿಯಬಹುದು. ಹಾಗೆಯೇ ಈ ಸೇವೆ ನಮ್ಮ ಫೋನಿನೊಳಗೇ ಚಿತ್ರದ ಹ್ಯಾಶ್ ಎಂಬ ಒಂದು ಅಂಕಿಗುರುತನ್ನು ತಯಾರಿಸಿ ಅದನ್ನಷ್ಟೇ ತೆಗೆದುಕೊಳ್ಳುತ್ತದೆ, ಚಿತ್ರ ಎಲ್ಲಿಗೂ ಹೋಗುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ರೆಡಿಟ್, ಬಂಬಲ್ ಮೊದಲಾದ ಪಾಲುದಾರ ಜಾಲತಾಣಗಳು ಆ ಗುರುತಿಗೆ ಹೊಂದುವ ಚಿತ್ರ ಬಂದರೆ ತಡೆಯಬಲ್ಲವು. ಪಾಲುದಾರರಲ್ಲದ ಕಡೆ ಇದು ನಡೆಯುವುದಿಲ್ಲ, ಚಿತ್ರವನ್ನು ಬಹಳವಾಗಿ ಬದಲಿಸಿದ್ದರೆ ಗುರುತು ತಪ್ಪಬಹುದು. ಇದು 18 ದಾಟಿದವರಿಗೆ. ಅದಕ್ಕಿಂತ ಚಿಕ್ಕವರಿಗೆ 'ಟೇಕ್ ಇಟ್ ಡೌನ್' ಎಂಬ ಇನ್ನೊಂದು ಸೇವೆಯಿದೆ, ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಪೊಲೀಸರ ವಿಷಯಕ್ಕೆ ಬಂದರೆ, ಬೆಂಗಳೂರಿಗೆ ಈ ಕ್ಷೇತ್ರದಲ್ಲಿ ಹಳೆಯ ಅನುಭವವಿದೆ, 2001ರಲ್ಲೇ ಇಲ್ಲಿ ಸೈಬರ್ ಅಪರಾಧ ಠಾಣೆ ಶುರುವಾಗಿತ್ತು. ಈಗ ನಗರದ ವಿಭಾಗಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗಳಿವೆ. ಮನೆ ಹತ್ತಿರದ ಠಾಣೆಗೆ ಹೋದರೆ 'ಸೆನ್‌ಗೆ ಹೋಗಿ' ಎನ್ನುವುದುಂಟು. ಐಟಿ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎಂಬ ನಿಯಮ ಇದಕ್ಕೆ ಒಂದು ಕಾರಣ. ಆದರೆ ತನಿಖೆ ಬೇರೆ, ದೂರು ದಾಖಲಿಸಿಕೊಳ್ಳುವುದು ಬೇರೆ. ದೂರು, ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಲೆಕ್ಟ್ರಾನಿಕ್ ರೂಪದಲ್ಲೂ ಕಳಿಸಿ 3 ದಿನಗಳೊಳಗೆ ಹೋಗಿ ಸಹಿ ಹಾಕಬಹುದು. ನ್ಯಾಯ ಸಂಹಿತೆಯ 75ರಿಂದ 79ರವರೆಗಿನ ಕಲಮುಗಳ ಅಪರಾಧವಾಗಿದ್ದರೆ ನೊಂದ ಮಹಿಳೆಯ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಠಾಣೆಗೆ ಹೋಗಲು ಮನಸ್ಸಾಗದವರು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ವಿಭಾಗದಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು, ಆದರೆ ಹೆಸರಿಲ್ಲದ ದೂರಿನ ಮುಂದಿನ ಹೆಜ್ಜೆಗಳನ್ನು ಕೇಳಿ ತಿಳಿಯುವುದು ಕಷ್ಟ. ಬ್ಲ್ಯಾಕ್‌ಮೇಲ್‌ಗೆ ಹೆದರಿ ಹಣ ಕಳಿಸಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು, ಹಣ ಬೇರೆ ಖಾತೆಗಳಿಗೆ ದಾಟುವ ಮುನ್ನ ತಡೆಹಿಡಿಯಲು ಅದೊಂದು ಅವಕಾಶ. ಜೀವಕ್ಕೆ ಅಪಾಯವಿದ್ದಾಗ 112.

ನಾನು ಹೇಳಿದ ಆ ಯುವತಿ ಮೊದಲು ಹೇಳಿದ್ದು ತನ್ನ ಅಕ್ಕನಿಗೆ. ಅಕ್ಕ ರಾತ್ರಿ ಬಸ್ಸು ಹತ್ತಿ ಬಂದು ಬೆಳಿಗ್ಗೆ ಪೀಜಿಯ ಬಾಗಿಲಲ್ಲಿ ನಿಂತಿದ್ದಳು. ಯಾಕೆ ಹೀಗಾಯಿತು ಎಂದು ಕೇಳಲಿಲ್ಲ, ಪಕ್ಕದಲ್ಲಿ ಕೂತು ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿದಳು. ಇಬ್ಬರೂ ಸೇರಿ ದೂರು ಬರೆದರು. ಬೆಳಿಗ್ಗೆ 7:40 ಎಂದು ತೋರಿಸುತ್ತಿದ್ದ ಆ ಚಿತ್ರವನ್ನು ಅದರ ಎರಡನೇ ಪುಟಕ್ಕೆ ಲಗತ್ತಿಸಿದ್ದಾರೆ. ಆ ಯುವತಿ ಈಗಲೂ ಅದೇ ಪೀಜಿಯಲ್ಲಿದ್ದಾಳೆ, ಅದೇ ನಂಬರನ್ನು ಬಳಸುತ್ತಿದ್ದಾಳೆ.